ಬ್ರಿಟಿಷರ ಕಾಲದ ತೋಟ, ಗದ್ದೆ ಕೆಲಸಗಾರರ ಫೋಟೋಗಳು: ಗೋಡೆಗೆ ಹಾಕುವುದಾದರೆ ಹೇಗೆ ಹಾಕಬೇಕು?

ಸಸಿಮಡಿ (ಚರ್ಚೆ ಆರಂಭಿಸಿದವರು)

ನಮ್ಮ ಗ್ರಂಥಾಲಯಕ್ಕೆ ಹಳೆಯ ಕಾಫಿ ತೋಟವೊಂದರ ಆಲ್ಬಮ್ ಬಂದು ಸೇರಿದೆ. ತೋಟ ಕೈಬದಲಾದಾಗ ಬಂಗಲೆಯ ಕಪಾಟಿನಲ್ಲಿದ್ದದ್ದನ್ನು ಹೊಸ ಮಾಲೀಕರು ಗುಜರಿಗೆ ಹಾಕದೆ ನಮಗೆ ಒಪ್ಪಿಸಿದರು. ಅರ್ಧ ಆಲ್ಬಮ್ ಬಂಗಲೆ, ಕುದುರೆ, ಬೇಟೆ, ಟೆನಿಸ್. ಮಿಕ್ಕಿದ್ದು ಕೆಲಸದ ಚಿತ್ರಗಳು: ಕಣದಲ್ಲಿ ಕಾಫಿ ಹರವುತ್ತಿರುವ ಹೆಂಗಸರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮುಂದೆ ಸಾಲಾಗಿ ನಿಂತ ಗಂಡಾಳುಗಳು, ಸಸಿಮಡಿಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮಕ್ಕಳು. ಕುದುರೆಗಳ ಹೆಸರನ್ನು ಶಾಯಿಯಲ್ಲಿ ಅಂದವಾಗಿ ಬರೆದಿದ್ದಾರೆ. ಆಳುಗಳ ಚಿತ್ರದ ಕೆಳಗೆ ‘ಕೂಲಿಗಳು, ಮೈಸೂರು’ ಎಂದಷ್ಟೇ ಇದೆ.

ಇವುಗಳಲ್ಲಿ ಕೆಲವನ್ನು ದೊಡ್ಡದು ಮಾಡಿಸಿ ಪ್ರದರ್ಶನ ಇಡಬೇಕೆಂದು ಸಮಿತಿಯ ಆಸೆ. ಸಭೆಯಲ್ಲಿ ಒಂದಿಬ್ಬರು, “ಎಷ್ಟು ಚೆಂದದ ಚಿತ್ರಗಳು, ಆ ಕಾಲದ ನೆಮ್ಮದಿ ಎದ್ದು ಕಾಣುತ್ತದೆ” ಎಂದರು. ನನಗೆ ಆ ಮಾತು ಚುಚ್ಚಿತು. ಏಕೆಂದರೆ ಅದೇ ಕಪಾಟಿನಲ್ಲಿ ಒಂದು ಚೆಕ್‌ರೋಲ್ ಪುಸ್ತಕವೂ ಸಿಕ್ಕಿದೆ. ಆಳಿನ ಹೆಸರು, ಮೇಸ್ತ್ರಿಯ ಹೆಸರು, ಕೊಟ್ಟ ಮುಂಗಡ, ಬಂದ ದಿನ, ಬಾರದ ದಿನ, ಹಿಡಿದುಕೊಂಡ ಹಣ ಎಲ್ಲವೂ ಅದರಲ್ಲಿದೆ. ಚೆಕ್‌ರೋಲ್ ಪಕ್ಕದಲ್ಲಿಲ್ಲದೆ ಆ ಫೋಟೋಗಳನ್ನು ಗೋಡೆಗೆ ಹಾಕಬಾರದು ಎಂಬುದು ನನ್ನ ವಾದ. ನೆಮ್ಮದಿಯೋ ಅಲ್ಲವೋ ಎನ್ನುವುದನ್ನು ನೋಡುವವರು ಎರಡನ್ನೂ ಓದಿ ತೀರ್ಮಾನಿಸಲಿ. ತಿಳಿದವರು ದಯವಿಟ್ಟು ಬರೆಯಿರಿ.

ಗಾಜುಫಲಕ

ಮೊದಲು ಚಿತ್ರಗಳ ಕಾಲ ಗೊತ್ತುಮಾಡಿಕೊಳ್ಳಿ. ಅದು ತಿಳಿಯದೆ ಮುಖಭಾವ ಓದಲು ಹೊರಟರೆ ದಾರಿ ತಪ್ಪುತ್ತದೆ.

ಫೋಟೋ ತೆಗೆಯುವ ಒದ್ದೆ ಕೊಲೋಡಿಯನ್ ವಿಧಾನವನ್ನು ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದರು. 1880ರ ದಶಕದಲ್ಲಿ ಒಣ ಫಲಕಗಳು ಬಳಕೆಗೆ ಬರುವವರೆಗೂ ಅದರದೇ ಕಾಲ. ಗಾಜಿನ ಮೇಲೆ ರಾಸಾಯನಿಕ ಹರಡಿ, ಅದು ಆರುವುದರೊಳಗೆ ಚಿತ್ರ ತೆಗೆದು, ಡೇರೆಯ ಕತ್ತಲಲ್ಲಿ ಸಂಸ್ಕರಿಸಿಯೂ ಮುಗಿಸಬೇಕು. ನಮ್ಮ ಬಿಸಿಲಿಗೆ ಅದು ಇನ್ನೂ ಬೇಗ ಆರುತ್ತದೆ. ಗಾಜು, ನೀರು, ಡೇರೆ, ಔಷಧಿ ಪೆಟ್ಟಿಗೆ ಎಲ್ಲವನ್ನೂ ಛಾಯಾಗ್ರಾಹಕ ಹೋದಲ್ಲೆಲ್ಲ ಹೊರಬೇಕು, ಹೊರುವವರೂ ಆಳುಗಳೇ. ಫಲಕಕ್ಕೆ ಬೆಳಕು ಬೀಳಬೇಕಾದದ್ದು ಕೆಲವು ಸೆಕೆಂಡು. ಅಷ್ಟು ಹೊತ್ತು ಗುದ್ದಲಿ ಎತ್ತಿದವನು ಎತ್ತಿದಂತೆಯೇ, ಬಗ್ಗಿದವಳು ಬಗ್ಗಿದಂತೆಯೇ ಇರಬೇಕು. ಆ ಕಾಲದ ‘ಕೆಲಸ ಮಾಡುತ್ತಿರುವ’ ಚಿತ್ರವೆಂದರೆ ಕೆಲಸ ನಿಲ್ಲಿಸಿ, ಕೆಲಸದ ಭಂಗಿಯಲ್ಲಿ ನಿಂತವರ ಚಿತ್ರ.

ಇನ್ನೊಂದು ವಿಷಯ. ಆ ಫಲಕಗಳಿಗೆ ನೀಲಿ ಬೆಳಕು ಬೇಗ ತಟ್ಟುತ್ತಿತ್ತು, ಕೆಂಪು, ಕಂದು ಬಣ್ಣಗಳು ಬಹುಪಾಲು ತಟ್ಟುತ್ತಲೇ ಇರಲಿಲ್ಲ. ಆದ್ದರಿಂದ ಆಕಾಶ ಬರೀ ಬಿಳಿ, ಎಲೆ ಕಪ್ಪು, ಕಂದು ಮೈಯವರ ಮುಖ ಇದ್ದದ್ದಕ್ಕಿಂತ ಕಪ್ಪು. ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಆ ನೆರಳಲ್ಲಿ ಹಣ್ಣು ಕೊಯ್ಯುವವರನ್ನು ಹಿಡಿಯುವುದು ಬಹಳ ಕಷ್ಟವಾಗಿದ್ದಿರಬೇಕು. ಬಿಸಿಲು ಸುರಿಯುವ ಕಣ ಹಾಗಲ್ಲ. ನಿಮ್ಮ ಆಲ್ಬಮ್ಮಿನಲ್ಲಿ ಕಣದ ಚಿತ್ರಗಳೇ ಹೆಚ್ಚಿದ್ದರೆ ಇದೂ ಒಂದು ಕಾರಣವಾಗಿರಬಹುದು. ವರ್ಷದ ಬಹುಭಾಗದ ದುಡಿಮೆ, ಮಳೆಯಲ್ಲಿ ಕಳೆ ತೆಗೆಯುವುದು, ಗುಂಡಿ ತೋಡುವುದು, ಚಿಗುರು ತೆಗೆಯುವುದು, ಇವು ಚಿತ್ರಕ್ಕೆ ಸಿಗುವುದು ಕಡಿಮೆ.

ಲೈನುಮನೆ ಮೊಮ್ಮಗಳು

ನನ್ನ ಅಜ್ಜಿ, ಅಜ್ಜಿಯ ತಾಯಿ ಇಬ್ಬರೂ ತೋಟದ ಲೈನುಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಬಾಳಿದವರು. ಕಾಫಿ ಹಣ್ಣಿನ ಕಾಲಕ್ಕೆ ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಹಿಂದೆ ಹತ್ತಿ ಬಂದವರು, ಮುಂಗಡ ತೀರದೆ ಅಲ್ಲಿಯೇ ಉಳಿದರು. ನಮ್ಮ ಮನೆಯಲ್ಲಿ ಅವರದೊಂದು ಫೋಟೋ ಇಲ್ಲ. ಹಾಗಾಗಿ ಇಂತಹ ಆಲ್ಬಮ್ ಎಲ್ಲಿ ಕಂಡರೂ ನಾನು ಮುಖ ಹುಡುಕುತ್ತೇನೆ.

ಈ ಚಿತ್ರಗಳು ಯಾರ ಕಣ್ಣಿಗಾಗಿ ತೆಗೆದವೆಂದು ನನಗೂ ಗೊತ್ತು. ಆದರೂ ಕೈಮುಗಿದು ಕೇಳುತ್ತೇನೆ, ‘ದೊರೆಗಳ ಚಿತ್ರ’ ಎಂದು ಮುಚ್ಚಿಡಬೇಡಿ. ತೆಗೆದವರ ಉದ್ದೇಶ ಏನೇ ಇರಲಿ, ನಿಂತವರು ನಮ್ಮವರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ರೀತಿ, ಸೊಂಟಕ್ಕೆ ಬಿಗಿದ ಚೀಲ, ಬೆನ್ನ ಮೇಲಿನ ಕೂಸು, ಇವನ್ನು ಯಾವ ದಾಖಲೆಯೂ ಬರೆದಿಡಲಿಲ್ಲ, ಚಿತ್ರ ಉಳಿಸಿದೆ. ನನಗೆ ಅದು ದೊಡ್ಡ ಆಸ್ತಿ.

ಕಡತಪ್ರೇಮಿ

ಸಸಿಮಡಿಯವರ ಮಾತಿಗೆ ನನ್ನ ಪೂರ್ಣ ಬೆಂಬಲ. ಚೆಕ್‌ರೋಲಿನ ಜೊತೆಗೆ ಕಾನೂನನ್ನೂ ಇಡಿ ಎನ್ನುತ್ತೇನೆ. 1859ರ 13ನೆಯ ಕಾಯಿದೆ, ಕೆಲಸಗಾರರ ಕರಾರು ಭಂಗದ ಕಾಯಿದೆ. ಮುಂಗಡ ತೆಗೆದುಕೊಂಡ ಆಳು ಕೆಲಸಕ್ಕೆ ಬಾರದಿದ್ದರೆ ಮಾಲೀಕ ಮ್ಯಾಜಿಸ್ಟ್ರೇಟರ ಬಳಿ ದೂರು ಕೊಡಬಹುದು. ಹಣ ಹಿಂದಿರುಗಿಸು ಇಲ್ಲವೇ ಕೆಲಸ ಮಾಡು ಎಂದು ಆಜ್ಞೆಯಾಗುತ್ತದೆ. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೊಡಗು, ವಯನಾಡಿನ ತೋಟಗಾರರು ಇದನ್ನು ಚೆನ್ನಾಗಿ ಬಳಸಿಕೊಂಡರು. ಕಾಯಿದೆ ರದ್ದಾದದ್ದು 1926ರಲ್ಲಿ. ಸಾಲ ತೀರಿಸದವನ ಮೇಲೆ ಸಿವಿಲ್ ದಾವೆ ಹೂಡುವುದು ಒಂದು, ಕೂಲಿಗೆ ಬಾರದವನನ್ನು ಜೈಲಿಗೆ ಕಳಿಸುವುದು ಬೇರೊಂದು. ಪಲ್ಪರ್ ಮನೆಯ ಮುಂದೆ ಸಾಲಾಗಿ ನಿಂತವರು ಆ ಎರಡನೆಯ ಬಗೆಯ ಕಾನೂನಿನ ಕೆಳಗೆ ನಿಂತಿದ್ದರು. ಅದು ಯಾವ ಕ್ಯಾಮೆರಾದಲ್ಲಿಯೂ ಮೂಡುವುದಿಲ್ಲ.

ಬಣ್ಣಕ್ಕಾಗಿ ಬೆಳೆಯುತ್ತಿದ್ದ ನೀಲಿ (ಇಂಡಿಗೋ) ಬೆಳೆಯ ಉದಾಹರಣೆ ನೋಡಿ. 1877ರಲ್ಲಿ ಆಸ್ಕರ್ ಮಲ್ಲಿಟ್ ಎಂಬ ಛಾಯಾಗ್ರಾಹಕ ನೀಲಿಯ ಬೇಸಾಯ ಮತ್ತು ತಯಾರಿಕೆಯ ಆಲ್ಬಮ್ ಒಂದನ್ನು ಮಾಡಿದ. ಅದು ಈಗ ಅಮೆರಿಕದ ಗೆಟ್ಟಿ ಸಂಗ್ರಹಾಲಯದಲ್ಲಿದೆ. ನೀಲಿ ತಯಾರಾಗುವುದು ಹೀಗೆ: ಗಿಡ ಕೊಯ್ದು ತೊಟ್ಟಿಯಲ್ಲಿ ನೆನೆಹಾಕಬೇಕು, ಬಸಿದ ನೀರನ್ನು ಇನ್ನೊಂದು ತೊಟ್ಟಿಗೆ ಬಿಟ್ಟು ಜನರು ಸೊಂಟದ ಮಟ್ಟದ ಆ ನೀರಿನಲ್ಲಿ ನಿಂತು ಬಡಿಯಬೇಕು, ಕೆಳಗೆ ಕೂತ ಗಸಿಯನ್ನು ಕುದಿಸಿ, ಹಿಂಡಿ, ಬಿಲ್ಲೆಗಳಾಗಿ ಕತ್ತರಿಸಿ ಒಣಗಿಸಬೇಕು. ಇದನ್ನೆಲ್ಲ ಅಚ್ಚುಕಟ್ಟಾಗಿ ತೋರಿಸುವ ಚಿತ್ರಗಳು ಅವು. ಬಂಗಾಳದ ರೈತರು ನೀಲಿ ಬೆಳೆಯುವುದಿಲ್ಲವೆಂದು ಎದ್ದುನಿಂತದ್ದು 1859-60ರಲ್ಲಿ, ಸರಕಾರ ವಿಚಾರಣಾ ಆಯೋಗ ಕೂರಿಸಿದ್ದು 1860ರಲ್ಲಿ. ಬಿಹಾರದ ಚಂಪಾರಣದಲ್ಲಿ ಬಿಘಾಕ್ಕೆ ಮೂರು ಕಠಾ, ಅಂದರೆ ನೆಲದ ಇಪ್ಪತ್ತರಲ್ಲಿ ಮೂರು ಪಾಲು, ನೀಲಿ ಬೆಳೆಯಲೇಬೇಕೆಂಬ ಕಟ್ಟುಪಾಡಿನ ವಿರುದ್ಧ ಗಾಂಧೀಜಿ ಹೋದದ್ದು 1917ರಲ್ಲಿ. ಆ ಆಲ್ಬಮ್ ಈ ಎರಡರ ನಡುವೆ ಹುಟ್ಟಿದ್ದು. ಆಲ್ಬಮ್ ಮಾತ್ರ ನೋಡಿದವನಿಗೆ ನೀಲಿ ಎಂದರೆ ಒಂದು ಕುಶಲ ಕೈಗಾರಿಕೆ, ಅಷ್ಟೇ.

ಚಿತ್ರಶಾಲೆ ಮೇಷ್ಟ್ರು

ಎಲ್ಲರೂ ಸುಳ್ಳು ಹೇಳಲೆಂದೇ ಚಿತ್ರ ತೆಗೆದರು ಎಂಬ ಧ್ವನಿ ಇಲ್ಲಿ ಬರುತ್ತಿದೆ, ಅದನ್ನು ಸ್ವಲ್ಪ ತಡೆಯಬೇಕೆನ್ನಿಸಿತು.

ಇಂಗ್ಲೆಂಡಿನ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹೆಸರು ಕೇಳಿರಬಹುದು. ಕವಿಗಳ, ವಿಜ್ಞಾನಿಗಳ ಮುಖಗಳನ್ನು ಅಷ್ಟು ಹತ್ತಿರದಿಂದ, ಅಷ್ಟು ಆರ್ದ್ರವಾಗಿ ತೆಗೆದವರು ಆ ಕಾಲದಲ್ಲಿ ಕಡಿಮೆ. ಆಕೆ ಹುಟ್ಟಿದ್ದು ಕಲ್ಕತ್ತೆಯಲ್ಲಿ. 1875ರಲ್ಲಿ ಗಂಡನೊಂದಿಗೆ ಸಿಲೋನಿಗೆ ಬಂದು, 1879ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರಿಗೆ ಅಲ್ಲಿ ಕಾಫಿ ತೋಟಗಳಿದ್ದವು, 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಆ ದ್ವೀಪದ ಕಾಫಿಯನ್ನು ತಿನ್ನುತ್ತಿದ್ದ ಕಾಲವದು. ಅಲ್ಲಿ ಆಕೆ ತೆಗೆದ, ಉಳಿದುಬಂದ ಕೆಲವೇ ಚಿತ್ರಗಳಲ್ಲಿ ತೋಟದ ಕೆಲಸಗಾರರೂ ಕಳುತರದ ಹಳ್ಳಿಗರೂ ಇದ್ದಾರೆ. ಬೆಳಕು, ನಿಲುವು, ಗಾಂಭೀರ್ಯ ಎಲ್ಲವೂ ಅವರ ಇಂಗ್ಲೆಂಡಿನ ಚಿತ್ರಗಳಂತೆಯೇ. ಆ ಕಣ್ಣಿನಲ್ಲಿ ತಾತ್ಸಾರ ಇರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹಾಗಾಗಿ ಪ್ರತಿ ಚಿತ್ರವನ್ನೂ ಅದರದರ ಮೇಲೆ ತೂಗಿ ನೋಡಿ.

ಲೈನುಮನೆ ಮೊಮ್ಮಗಳು

ಮೇಷ್ಟ್ರೇ, ಆ ಕಳುತರದ ಚಿತ್ರ ನಾನೂ ನೋಡಿದ್ದೇನೆ. ಮನಸ್ಸು ತುಂಬಿ ಬಂದದ್ದು ನಿಜ. ಆದರೆ ಶೀರ್ಷಿಕೆ ನೆನಪಿದೆಯೇ? ಕಳುತರದ ರೈತರ ಗುಂಪು, ಹುಡುಗಿಗೆ ಹನ್ನೆರಡು ವರ್ಷ, ತಾನು ಅವಳ ತಂದೆ ಎನ್ನುವ ಮುದುಕ ತನಗೆ ನೂರು ವರ್ಷ ಎಂದೂ ಹೇಳುತ್ತಾನೆ. ವಯಸ್ಸು ಕೇಳಿದ್ದಾರೆ, ಸಂಬಂಧ ಕೇಳಿದ್ದಾರೆ, ಅಂದರೆ ಮಾತುಕತೆ ನಡೆದಿದೆ. ಹೆಸರು ಮಾತ್ರ ಬರೆದಿಲ್ಲ. ಇಂಗ್ಲೆಂಡಿನಲ್ಲಿ ಆಕೆ ತೆಗೆದ ಕವಿಯ ಚಿತ್ರದ ಕೆಳಗೆ ‘ಒಬ್ಬ ಕವಿ, ವಯಸ್ಸು ಇಷ್ಟು’ ಎಂದು ಬರೆದರೇ? ಪ್ರೀತಿಯಿಂದ ನೋಡಿದವರೇ ಇಷ್ಟು ಮಾಡಿದರೆ ಉಳಿದವರ ಮಾತೇನು?

ಚಿತ್ರಶಾಲೆ ಮೇಷ್ಟ್ರು

ನಿಮ್ಮ ಮಾತು ಸರಿಯಾದ ಜಾಗಕ್ಕೇ ತಾಗಿದೆ. ಅದಕ್ಕೆ ಒಂದು ಸಂಗತಿ ಸೇರಿಸುತ್ತೇನೆ. ಆಕೆಯ ಗಂಡ ಚಾರ್ಲ್ಸ್ ಹೇ ಕ್ಯಾಮೆರಾನ್ ಕಾನೂನು ಪಂಡಿತ. ಸಿಲೋನಿನಲ್ಲಿ ರಾಜಕಾರಿಯ ಎಂಬ ಬಿಟ್ಟಿ ದುಡಿಮೆಯನ್ನು ತೆಗೆದುಹಾಕಲು 1830ರ ದಶಕದ ಆರಂಭದಲ್ಲಿ ಸಲಹೆ ಕೊಟ್ಟ ಕೋಲ್‌ಬ್ರೂಕ್–ಕ್ಯಾಮೆರಾನ್ ಆಯೋಗದ ಕ್ಯಾಮೆರಾನ್ ಇವರೇ. ಹೊಸ ತೋಟಗಳಿಗೆ ಕೂಲಿಯಾಳು ಸಿಗಬೇಕಿದ್ದರೆ ಹಳೆಯ ಬಿಟ್ಟಿ ಹೋಗಬೇಕಿತ್ತು ಎಂದು ನಾನು ಓದಿಕೊಳ್ಳುತ್ತೇನೆ. ಆ ತೋಟಗಳು ತುಂಬಿದ್ದು ತಮಿಳು ಜಿಲ್ಲೆಗಳಿಂದ ಕಂಗಾಣಿಗಳು (ಅಲ್ಲಿನ ಮೇಸ್ತ್ರಿಗಳು) ಸಾಲ ಕೊಟ್ಟು ಕರೆತಂದವರಿಂದ. ಕಾಫಿ ಹೋಗಿ ಚಹಾ ಬಂದ ಮೇಲೆ ಬುಟ್ಟಿ ಹೊತ್ತ ತಮಿಳು ಹೆಣ್ಣುಮಗಳ ಚಿತ್ರವೇ ಸಿಲೋನ್ ಚಹಾದ ಗುರುತಾಯಿತು. ಅಂಚೆ ಕಾರ್ಡು, ಡಬ್ಬಿ, ಜಾಹೀರಾತು ಎಲ್ಲದರ ಮೇಲೂ ಆಕೆಯೇ. ತನ್ನ ಕೂಲಿ ಹೆಚ್ಚಿಸಿಕೊಳ್ಳಲಾಗದವಳ ನಗು ಲಂಡನ್ನಿನ ಅಂಗಡಿಯಲ್ಲಿ ಸರಕು ಮಾರುತ್ತಿತ್ತು.

ಬಯಲುಸೀಮೆ

ತೋಟದ ಮಾತು ಸಾಕಷ್ಟಾಯಿತು, ಬಯಲಿನ ಬೇಸಾಯದವರ ಚಿತ್ರಗಳು ಎಲ್ಲಿವೆ? ಒಕ್ಕಲುಮಗ, ಜೀತದಾಳು, ಹೊಲದ ಕೂಲಿ ಇವರು ಕ್ಯಾಮೆರಾ ಮುಂದೆ ಗುಂಪುಗುಂಪಾಗಿ ಬಂದದ್ದು ಒಮ್ಮೆ, ಹಸಿದು ಬಿದ್ದಾಗ.

1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ಮೊದಲು ಸತ್ತವರು ನೆಲವಿಲ್ಲದ ಕೂಲಿಗಳು, ಯಾಕೆಂದರೆ ಮಳೆ ಹೋದ ದಿನವೇ ಅವರ ಕೂಲಿಯೂ ಹೋಯಿತು. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದ ದಿನಗೂಲಿ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ದಿನವಿಡೀ ಮಣ್ಣು ಹೊರುವವನಿಗೆ ಇಷ್ಟು ಸಾಲದೆಂದು ಪ್ರಾಂತ್ಯದ ನೈರ್ಮಲ್ಯ ಆಯುಕ್ತ ಕಾರ್ನಿಷ್ ಪ್ರತಿಭಟಿಸಿದರು.

ಆ ಬರದ ಚಿತ್ರಗಳನ್ನು ತೆಗೆದವನು ಮದ್ರಾಸ್ ಸೈನ್ಯದ ಅಧಿಕಾರಿ ವಿಲೋಬಿ ವಾಲೇಸ್ ಹೂಪರ್. ಎಲುಬುಗೂಡಾದ ಕುಟುಂಬಗಳನ್ನು ಗುಂಪಾಗಿ ಕೂರಿಸಿ, ಪಕ್ಕೆಲುಬು ಕಾಣುವಂತೆ ತಿರುಗಿಸಿ ತೆಗೆದ ಚಿತ್ರಗಳು. ಗಾಜುಫಲಕ ಅವರು ಹೇಳಿದ ಆ ಕೆಲವು ಸೆಕೆಂಡುಗಳನ್ನು ಇಲ್ಲಿ ನೆನೆಯಿರಿ: ಕೂರಲೂ ತ್ರಾಣವಿಲ್ಲದವರನ್ನು ಅಲುಗಾಡದೆ ಕೂರಲು ಹೇಳಿದ್ದಾರೆ. ಇದೇ ಹೂಪರ್ 1886ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಗುಂಡಿಕ್ಕಿ ಕೊಲ್ಲುವ ಗಳಿಗೆಯನ್ನೇ ಫೋಟೋ ತೆಗೆಯಲು ಹೋಗಿ ವಿಚಾರಣೆ ಎದುರಿಸಿದ.

ಈ ಚಿತ್ರಗಳನ್ನು ಕಂಡರೆ ನನಗೆ ಸಿಟ್ಟು ಉಕ್ಕುತ್ತದೆ. ಆದರೂ ಇವು ಇಲ್ಲದಿದ್ದರೆ ಧಾತು ಬರ ಸರಕಾರಿ ವರದಿಯ ಒಂದು ಕೋಷ್ಟಕವಾಗಿ ಉಳಿಯುತ್ತಿತ್ತು. ಗೋಡೆಗೆ ಹಾಕಬೇಕೇ ಬೇಡವೇ ಎಂದರೆ, ಇವನ್ನು ದೊಡ್ಡದು ಮಾಡಿ ಹಾಕಬಾರದು ಎನ್ನುತ್ತೇನೆ. ನೋಡಬೇಕೆಂದವರು ಬಗ್ಗಿ ಹತ್ತಿರದಿಂದ ನೋಡುವಷ್ಟು ಚಿಕ್ಕದಾಗಿ ಇಡಿ, ಪಕ್ಕದಲ್ಲಿ ಆ ಒಂದು ಪೌಂಡ್, ಒಂದು ಆಣೆಯ ಲೆಕ್ಕ ಬರೆಯಿರಿ.

ಕಡತಪ್ರೇಮಿ

ಬಯಲುಸೀಮೆಯವರು ಹೇಳಿದ್ದಕ್ಕೆ ಹೊಂದಿಕೊಂಡೇ ಇನ್ನೊಂದು ಕಡೆ ತೋರಿಸುತ್ತೇನೆ. ಚಿತ್ರವೇ ಬೇಡಿಯಾದ ಕಥೆ ಇದು. 1834ರಿಂದ ಮುಂದೆ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಕಬ್ಬಿನ ಗದ್ದೆಗಳಿಗಾಗಿ ಮಾರಿಷಸ್ಸಿಗೆ ಹೋದರು, ಮದ್ರಾಸ್ ಬಂದರಿನಿಂದ ಹಡಗು ಹತ್ತಿದವರೂ ಬಹಳ. ಕರಾರಿನ ಅವಧಿ ಮುಗಿಸಿದವರು ತೋಟ ಬಿಟ್ಟು ಸ್ವಂತ ಬದುಕು ಕಟ್ಟಿಕೊಳ್ಳುತ್ತಿದ್ದಾರೆಂದು ತೋಟಗಾರರಿಗೆ ಕಣ್ಣುರಿ. 1867ರ ಕಾನೂನು ಇಂಥ ‘ಹಳೆಯ ವಲಸಿಗರು’ ಭಾವಚಿತ್ರ ಅಂಟಿಸಿದ ಚೀಟಿಯನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂದು ಮಾಡಿತು. ಚೀಟಿ ಇಲ್ಲದೆ ಸಿಕ್ಕರೆ ಅಲೆಮಾರಿ ಎಂದು ಹಿಡಿಯುತ್ತಿದ್ದರು. 1871ರಲ್ಲಿ ಅಡಾಲ್ಫ್ ದ ಪ್ಲೆವಿಟ್ಜ್ ಎಂಬ ತೋಟದ ವ್ಯವಸ್ಥಾಪಕ ಇವರ ಪರವಾಗಿ ಸಾವಿರಾರು ಸಹಿಗಳ ಮನವಿ ಸಿದ್ಧಪಡಿಸಿದ, ವಿಚಾರಣೆಗೆ ರಾಯಲ್ ಆಯೋಗ ಬಂತು.

ಅದರ ಇನ್ನೊಂದು ಫಲ ಯಾರೂ ಎಣಿಸದ್ದು. ಆ ಚೀಟಿಯ ಚಿತ್ರಗಳು ಮಾರಿಷಸ್ಸಿನ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯ ವಲಸೆ ದಾಖಲೆಗಳಲ್ಲಿ ಉಳಿದಿವೆ. ಹೆಸರು, ಸಂಖ್ಯೆ, ಮುಖ ಒಟ್ಟಿಗೇ ಇರುವುದರಿಂದ ಇಂದಿನವರು ತಮ್ಮ ಮುತ್ತಜ್ಜ ಮುತ್ತಜ್ಜಿಯರನ್ನು ಅಲ್ಲಿ ಕಂಡುಕೊಳ್ಳುತ್ತಾರೆ. ಹಿಡಿಯಲೆಂದು ಮಾಡಿದ ದಾಖಲೆಯಲ್ಲಿ ಹೆಸರಿದೆ. ಮೆಚ್ಚಿ ತೆಗೆದ ಕಳುತರದ ಚಿತ್ರದಲ್ಲಿ ಇಲ್ಲ.

ಗದ್ದೆಯಂಚು

ಒಂದು ಮಾತು ನೇರವಾಗಿ ಹೇಳುತ್ತೇನೆ. ಎಲ್ಲವನ್ನೂ ಬಿಳಿಯರ ತಲೆಗೆ ಕಟ್ಟಿದರೆ ನಮ್ಮ ಮನೆಗಳ ಗೋಡೆ ತಪ್ಪಿಸಿಕೊಳ್ಳುತ್ತದೆ. ಜಮೀನಿದ್ದ ಮನೆತನಗಳೂ 1900ರ ಹೊತ್ತಿಗೆ ಸ್ಟುಡಿಯೋಗೆ ಹೋಗಿ ಕೋಟು, ಪೇಟ, ಗಡಿಯಾರದ ಸರಪಳಿ ಹಾಕಿ ಫೋಟೋ ತೆಗೆಸಿಕೊಂಡವು. ಮೂರು ತಲೆಮಾರು ಗದ್ದೆ ಉತ್ತ ಜೀತದಾಳು ಅವುಗಳಲ್ಲಿ ಎಲ್ಲಿದ್ದಾನೆ? ಮನೆಯ ಜೋಡೆತ್ತಿನ ಚಿತ್ರ ತೆಗೆಸಿದಾಗ ಹಗ್ಗ ಹಿಡಿದ ಕೈಯಾಗಿ ಬಂದಿದ್ದಾನೆ, ಕೆಲವು ಕಡೆ ಚೌಕಟ್ಟಿಗಾಗಿ ಆ ಕೈಯನ್ನೂ ಕತ್ತರಿಸಿದ್ದಾರೆ. ಬಿಳಿಯನ ಆಲ್ಬಮ್ಮಿನಲ್ಲಿ ಹೆಸರಿಲ್ಲದೆಯಾದರೂ ಇದ್ದಾನೆ.

ಮಂಗಳೂರು, ಧಾರವಾಡ, ಕೊಡಗುಗಳಲ್ಲಿದ್ದ ಬಾಸೆಲ್ ಮಿಷನ್ನಿನವರ ಚಿತ್ರಗಳನ್ನು ನೋಡಿ ಎಂದು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಸ್ವಿಟ್ಜರ್ಲೆಂಡಿನ ಅವರ ದಾಖಲಾಗಾರ ಅವನ್ನು ಅಂತರಜಾಲದಲ್ಲಿ ತೆರೆದಿಟ್ಟಿದೆ. ಮತಪ್ರಚಾರಕ್ಕೆಂದು, ಯುರೋಪಿನ ಬೆಂಬಲಿಗರಿಗೆ ತೋರಿಸಲೆಂದು ತೆಗೆದವೇ ಹೆಚ್ಚು. ಆದರೆ ಅವರು ಇಲ್ಲಿ ವರ್ಷಗಟ್ಟಲೆ ಇದ್ದವರು, ಭಾಷೆ ಕಲಿತವರು. ಅಷ್ಟು ದಿನ ಇದ್ದವರ ಕಣ್ಣಿಗೆ ನೇಗಿಲ ಕಟ್ಟು, ಏತ, ಮಳೆಗೆ ಹೊದೆಯುವ ಗೊರಬು ಎಲ್ಲವೂ ಬೀಳುತ್ತವೆ.

ಗಾಜುಫಲಕ

ಗದ್ದೆಯಂಚಿನವರ ಮಾತು ಒಪ್ಪುತ್ತೇನೆ. ಇನ್ನು ಮಾದರಿ ಚಿತ್ರಗಳ ಬಗ್ಗೆ ಚಿಕ್ಕದೊಂದು ಎಚ್ಚರಿಕೆ. ಜನರನ್ನು ಜಾತಿ, ಬುಡಕಟ್ಟು ಎಂದು ವಿಂಗಡಿಸಿ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಭಾರತದ ಜನರ ಫೋಟೋಗಳನ್ನು ಸರಕಾರವೇ ಹೊರತಂದಿತು. ಬೊಂಬಾಯಿಯ ವಿಲಿಯಂ ಜಾನ್ಸನ್ ಅದಕ್ಕೂ ಮೊದಲೇ ಒಂದು ಕಡೆ ತೆಗೆದ ಜನರನ್ನು ಇನ್ನೊಂದು ಕಡೆಯ ಹಿನ್ನೆಲೆಗೆ ಜೋಡಿಸಿ ಅಚ್ಚು ಮಾಡಿದ್ದ. ಆ ಸಾಲಿನ ಚಿತ್ರಗಳಲ್ಲಿ ಕೈಯಲ್ಲಿರುವ ಕುಡುಗೋಲು ಕೂಡ ಹಿಡಿದವನದೇ ಎಂದು ನಂಬಬೇಡಿ.

ಸಸಿಮಡಿ

ಎಲ್ಲರಿಗೂ ಋಣಿ. ಸಮಿತಿಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಚೆಕ್‌ರೋಲಿನ ಒಂದು ತಿಂಗಳ ಪುಟವನ್ನು ಕಣದ ಚಿತ್ರದಷ್ಟೇ ದೊಡ್ಡದಾಗಿ ಅಚ್ಚು ಹಾಕಿಸಿ ಪಕ್ಕದಲ್ಲಿಡುವುದು, 1859ರ ಕಾಯಿದೆಯ ಸಾರವನ್ನು ಕನ್ನಡದಲ್ಲಿ ಕೆಳಗೆ ಬರೆಯುವುದು. ಮೂಲ ಶೀರ್ಷಿಕೆಯನ್ನು ಅಳಿಸದೆ, ‘ಆಲ್ಬಮ್ಮಿನಲ್ಲಿ ಬರೆದಿರುವುದು’ ಎಂದು ಗುರುತಿಸಿ ಉಳಿಸುವುದು. ಬರದ ಚಿತ್ರಗಳು ನಮ್ಮ ಆಲ್ಬಮ್ಮಿನಲ್ಲಿ ಇಲ್ಲ, ಹೊರಗಿನಿಂದ ತರುವುದೂ ಬೇಡವೆಂದು ನನಗನ್ನಿಸುತ್ತದೆ.

ಒಂದೇ ಗೊಂದಲ ಉಳಿದಿದೆ. ಪಲ್ಪರ್ ಮನೆಯ ಮುಂದಿನ ಸಾಲಿನಲ್ಲಿ ನಿಂತವರ ಸಂಖ್ಯೆಗೂ ಒಬ್ಬ ಮೇಸ್ತ್ರಿಯ ತಂಡದ ಹೆಸರುಗಳ ಸಂಖ್ಯೆಗೂ ಹೊಂದಿಕೆಯಾಗುತ್ತಿದೆ. ಚಿತ್ರದ ಕೆಳಗೆ ಆ ಹೆಸರುಗಳನ್ನು ಬರೆಯಬಹುದೇ?

ಕಡತಪ್ರೇಮಿ

ಬೇಡ. ಸಂಖ್ಯೆ ಹೊಂದಿದ ಮಾತ್ರಕ್ಕೆ ಅವರೇ ಇವರು ಎನ್ನಲಾಗದು. ಒಬ್ಬರ ಮುಖಕ್ಕೆ ಇನ್ನೊಬ್ಬರ ಹೆಸರು ಅಂಟಿದರೆ ಮುಂದಿನವರು ಅದನ್ನೇ ಪ್ರಮಾಣವೆಂದು ಹಿಡಿಯುತ್ತಾರೆ, ಬಿಡಿಸುವುದು ಕಷ್ಟ.

ಲೈನುಮನೆ ಮೊಮ್ಮಗಳು

ಕಡತಪ್ರೇಮಿಯವರೇ, ಮುಖದ ಕೆಳಗೆ ಬೇಡ, ಸರಿ. ಆದರೆ ಹೆಸರುಗಳ ಪಟ್ಟಿಯನ್ನು ಪೂರ್ತಿಯಾಗಿ, ಒಂದನ್ನೂ ಬಿಡದೆ, ದೊಡ್ಡ ಅಕ್ಷರದಲ್ಲಿ ಕನ್ನಡಕ್ಕೆ ತಂದು ಹಾಕಿಸಿ. ಪ್ರದರ್ಶನದ ಬಾಗಿಲಲ್ಲಿ ಒಂದು ಪುಸ್ತಕವಿಡಿ. ಆ ಸುತ್ತಿನ ತೋಟಗಳಲ್ಲಿ ಇಂದಿಗೂ ಅದೇ ಕುಟುಂಬಗಳವರು ಇರಬಹುದು, ಅವರು ಬಂದು ಬರೆಯಲಿ. ಆಹ್ವಾನ ಪತ್ರ ಲೈನುಮನೆಗಳಿಗೂ ಹೋಗಬೇಕು, ಭಾನುವಾರವೇ ಇಡಬೇಕು. ವಾರದ ದಿನ ಇಟ್ಟರೆ ಕೂಲಿ ಬಿಟ್ಟು ಬರಲಾಗುವುದಿಲ್ಲ.

ಸಸಿಮಡಿ

ಭಾನುವಾರವೇ ಇಡುತ್ತೇವೆ. ಪಟ್ಟಿಯ ಕೆಲಸ ಇಂದೇ ಶುರು ಮಾಡುತ್ತೇನೆ. ಚಿತ್ರಗಳನ್ನು ಪುಟದಿಂದ ಬಿಡಿಸಿ ಹಿಂಬದಿ ನೋಡಬಹುದೇ? ಅಂಟು ಗಟ್ಟಿಯಾಗಿದೆ.

ಗಾಜುಫಲಕ

ದಯವಿಟ್ಟು ಬಿಡಿಸಬೇಡಿ. ಹಳದಿಗಟ್ಟಿದ, ಬಹಳ ತೆಳುವಾದ ಹೊಳೆಯುವ ಕಾಗದವಾದರೆ ಅದು ಮೊಟ್ಟೆಯ ಬಿಳಿ ಲೋಳೆ ಲೇಪಿಸಿದ ಕಾಗದವಾಗಿರಬಹುದು, ಎಳೆದರೆ ಹರಿಯುತ್ತದೆ. ಪುಟದೊಂದಿಗೇ ಫೋಟೋ ತೆಗೆಯಿರಿ. ಮೊದಲು ನೇರ ಬೆಳಕಿನಲ್ಲಿ, ಆಮೇಲೆ ಒಂದು ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು. ಓರೆ ಬೆಳಕಿಗೆ ಅಂಚಿನಲ್ಲಿರುವ ಸ್ಟುಡಿಯೋದ ಉಬ್ಬು ಮುದ್ರೆ, ಪೆನ್ಸಿಲ್ ಒತ್ತಿದ ಗುರುತು ಕಾಣಬಹುದು. ಪ್ರದರ್ಶನಕ್ಕೆ ನಕಲುಗಳನ್ನೇ ಹಾಕಿ, ಮೂಲ ಆಲ್ಬಮ್ ಕತ್ತಲಲ್ಲಿ, ಒಣ ಜಾಗದಲ್ಲಿರಲಿ. ಚೆಕ್‌ರೋಲಿಗೂ ಇದೇ ಎಚ್ಚರಿಕೆ ಬೇಕು, ಬಿಸಿಲಿಗೆ ಶಾಯಿ ಮಾಸುತ್ತದೆ. ಓರೆ ಬೆಳಕಿನಲ್ಲಿ ಏನಾದರೂ ಮುದ್ರೆ ಕಂಡರೆ ಇಲ್ಲಿ ಹಾಕಿ, ಯಾವ ಊರಿನ ಸ್ಟುಡಿಯೋ ಎಂದು ಹುಡುಕೋಣ.